ಎಣಿಸುವ ಮೊದಲು ಕೇಳಬೇಡವೇ?

ಅಂಬಿಕಾನಗರದ ಕಾಲೊನಿಯನ್ನು ನೋಡಿದವರಿಗೆ ನಾಗಝರಿ ವಿದ್ಯುದಾಗಾರವೂ ಗೊತ್ತಿರುತ್ತದೆ. ಅಲ್ಲಿಗೆ ಬರುವ ಕಾಳಿ ನದಿಯ ನೀರನ್ನು ಮೇಲೆ ಗಣೇಶಗುಡಿಯಲ್ಲಿ 101 ಮೀಟರ್ ಎತ್ತರದ ಸೂಪಾ ಅಣೆಕಟ್ಟು ತಡೆದು ನಿಲ್ಲಿಸಿದೆ. 1980ರ ದಶಕದಲ್ಲಿ ಹಳೆಯ ಸೂಪಾ ಊರು ಆ ನೀರಿನಡಿ ಸೇರಿತು. ಅಲ್ಲಿಂದ ಎದ್ದುಬಂದ ಎಷ್ಟೋ ಕುಟುಂಬಗಳು ರಾಮನಗರದಲ್ಲಿ ನೆಲೆಸಿದವು.

ಅಂಥ ಕುಟುಂಬದ ಒಬ್ಬ ವೃದ್ಧೆ ಮಗನ ಕ್ವಾರ್ಟರ್ಸಿನಲ್ಲಿ ಕುಳಿತು, "ನಮ್ಮ ಮನೆ ನೀರೊಳಗೆ ಹೋಯಿತು" ಎಂದು ಮಾತು ತೆಗೆದಳೆಂದು ಭಾವಿಸೋಣ. ನಾವೇನು ಹೇಳುತ್ತೇವೆ? "ಬಿಡಿ ಆಯಿ, ಮಗನಿಗೆ ನೌಕರಿ ಇದೆ, ಮೊಮ್ಮಕ್ಕಳು ಓದುತ್ತಿದ್ದಾರೆ. ದೇವರು ಏನು ಕಡಿಮೆ ಮಾಡಿದ್ದಾನೆ?" ಇದರಲ್ಲಿ ಸುಳ್ಳೇನೂ ಇಲ್ಲ. ಆದರೂ ಆಯಿ ಸುಮ್ಮನಾಗುತ್ತಾಳೆ. ನಾವು ಕೊಟ್ಟದ್ದು ಸಾಂತ್ವನವೋ, ಅಥವಾ ಬಾಯಿಗೆ ಹಾಕಿದ ಬೀಗವೋ?

ಮನಶ್ಶಾಸ್ತ್ರದ ಎರಡು ಪಂಥಗಳ ನಡುವಿನ ಜಗಳವನ್ನು ಓದುವಾಗ ನನಗೆ ಈ ಪ್ರಶ್ನೆಯೇ ಕಾಡಿತು. ಮೊದಲನೆಯದು ಮಾನವತಾವಾದಿ ಮನಶ್ಶಾಸ್ತ್ರ. ಅದರ ಹಿರಿಯರಲ್ಲಿ ಒಬ್ಬರಾದ ಅಮೆರಿಕದ ಕಾರ್ಲ್ ರೋಜರ್ಸ್ ಎರಡು ವರ್ಷ ಸೆಮಿನರಿಯಲ್ಲಿ ಓದಿ ಹೊರಬಂದವರು. ಎದುರಿಗಿರುವವನನ್ನು ತೀರ್ಪು ಕೊಡದೆ, ಮನಸ್ಸಿಟ್ಟು ಕೇಳಿದರೆ ಅವನೊಳಗಿನ ಶಕ್ತಿ ತಾನಾಗಿ ಚಿಗುರುತ್ತದೆಂದು ಅವರು ನಂಬಿದ್ದರು. ಎರಡನೆಯದು ಸಕಾರಾತ್ಮಕ ಮನಶ್ಶಾಸ್ತ್ರ. ಅಮೆರಿಕದ ಮನಶ್ಶಾಸ್ತ್ರಜ್ಞರ ಸಂಘಕ್ಕೆ 1998ರಲ್ಲಿ ಅಧ್ಯಕ್ಷರಾಗಿದ್ದ ಮಾರ್ಟಿನ್ ಸೆಲಿಗ್ಮನ್ ಇದರ ಮುಂದಾಳು. ಬರೀ ರೋಗವನ್ನಲ್ಲ, ಕೃತಜ್ಞತೆ, ಧೈರ್ಯ, ಕ್ಷಮೆ, ಭರವಸೆಗಳನ್ನೂ ಅಳೆದು ನೋಡಬೇಕೆಂಬುದು ಇವರ ವಾದ. ತಮಾಷೆಯೆಂದರೆ, ಆ ಹೆಸರನ್ನು 1954ರಷ್ಟು ಹಿಂದೆಯೇ ತನ್ನ ಪುಸ್ತಕದಲ್ಲಿ ಬಳಸಿದವರು ಮಾನವತಾವಾದಿಯೇ ಆದ ಅಬ್ರಹಾಂ ಮ್ಯಾಸ್ಲೋ. ಆದರೆ 2000ದಲ್ಲಿ ಸೆಲಿಗ್ಮನ್ ಮತ್ತು ಅವರ ಜೊತೆಗಾರರು, ಹಳಬರು ಸಾಕಷ್ಟು ಪುರಾವೆ ಕೂಡಿಸಲಿಲ್ಲ, ಕೆಲವರಂತೂ 'ನಾನು, ನನ್ನದು' ಎಂಬುದನ್ನೇ ಬೆಳೆಸಿದರು ಎಂದು ಬರೆದರು. ದೊಡ್ಡಪ್ಪನ ಹೆಸರಿಟ್ಟುಕೊಂಡು ದೊಡ್ಡಪ್ಪನನ್ನೇ ಬೈದ ಹಾಗೆ!

ಇದು ಪೂರ್ತಿ ನ್ಯಾಯವಲ್ಲ. ಸಮಾಲೋಚನೆಯ ಮಾತುಕತೆಯನ್ನು ಧ್ವನಿಮುದ್ರಿಸಿ ಪರೀಕ್ಷೆಗೆ ಒಡ್ಡಿದವರಲ್ಲಿ ರೋಜರ್ಸರೇ ಮೊದಲಿಗರು. ಆದರೂ ಆ ದೂರನ್ನು ತಳ್ಳಿಹಾಕಲು ನನಗೆ ಮನಸ್ಸಿಲ್ಲ. ಪರರ ದುಃಖ ಕೇಳಿ ಎದ್ದುಬರುವಾಗ 'ಎಷ್ಟು ಸಹಾಯ ಮಾಡಿದೆ' ಎಂದು ನಮಗೇ ಹಿತವೆನಿಸುತ್ತದೆ. ಅವರಿಗೆ ನಿಜವಾಗಿ ಹಗುರವಾಯಿತೇ ಎಂದು ವಿಚಾರಿಸುವವರು ಯಾರು? ಅಳೆದು ನೋಡುವುದರಲ್ಲೂ ಒಂದು ವಿನಯವಿದೆ.

ಸೆಲಿಗ್ಮನ್ ತಂಡ 2005ರಲ್ಲಿ ಒಂದು ಪ್ರಯೋಗವನ್ನು ಪ್ರಕಟಿಸಿತು. ಒಂದು ವಾರ, ಪ್ರತಿ ರಾತ್ರಿ, ಆ ದಿನ ನಡೆದ ಮೂರು ಒಳ್ಳೆಯ ಸಂಗತಿಗಳನ್ನೂ ಅವುಗಳ ಕಾರಣಗಳನ್ನೂ ಬರೆಯಬೇಕು. ಹಾಗೆ ಬರೆದವರ ಸಂತೋಷ ಆರು ತಿಂಗಳ ನಂತರವೂ ಹೆಚ್ಚಾಗಿಯೇ ಇತ್ತು. ಆದರೆ ಒಂದು ಮಾತು ಮರೆಯಬಾರದು: ಅವರೆಲ್ಲ ತಾವಾಗಿಯೇ ಪ್ರಯೋಗಕ್ಕೆ ಬಂದವರು. ತಮ್ಮ ಲೆಕ್ಕವನ್ನು ತಾವೇ ಬರೆದರು. ಪಕ್ಕದ ಮನೆಯವರು ಬಂದು ಬರೆದುಕೊಡಲಿಲ್ಲ.

ಆಯಿಯ ಮುಂದೆ ನಾವು ಮಾಡಿದ್ದು ಅದನ್ನೇ. ಅವಳ ಮೂರು ಒಳ್ಳೆಯ ಸಂಗತಿಗಳನ್ನು ನಾವೇ ಎಣಿಸಿಬಿಟ್ಟೆವು. ಬದಲಿಗೆ, "ಅಂಗಳದಲ್ಲಿ ಏನೇನಿತ್ತು, ಆಯಿ?" ಎಂದು ಕೇಳಬಹುದಿತ್ತು. ಮಾತಾಡುತ್ತಾ ಆಡುತ್ತಾ ಮೊಮ್ಮಕ್ಕಳ ಸುದ್ದಿಗೆ ಅವಳೇ ಬರುತ್ತಿದ್ದಳೇನೋ. ಬಾರದಿದ್ದರೂ, ಅವಳ ಅಂಗಳದ ಹಲಸಿನ ಮರವನ್ನಾದರೂ ನಾವು ನೋಡಿದಂತಾಗುತ್ತಿತ್ತು.