ಖುಷಿ ನಮ್ಮದು, ಅಪಾಯ ಯಾರದು?

ಕುಡಿದು ಸ್ಕೂಟರ್ ಓಡಿಸಿದವನನ್ನು ಪೊಲೀಸರು ಹಿಡಿಯುವುದು 1988ರ ಮೋಟಾರು ವಾಹನ ಕಾಯ್ದೆಯ 185ನೇ ಸೆಕ್ಷನ್ನಿನಡಿ. 100 ಮಿಲಿಲೀಟರ್ ರಕ್ತದಲ್ಲಿ 30 ಮಿಲಿಗ್ರಾಂಗಿಂತ ಹೆಚ್ಚು ಮದ್ಯಸಾರ ಇದ್ದರೆ ಕೇಸು. ಅಷ್ಟೇ ಕುಡಿದು ಸೈಕಲ್ ಹತ್ತಿದವನಿಗೆ ಈ ಸೆಕ್ಷನ್ ತಾಗುವುದಿಲ್ಲ, ಸೈಕಲ್ಲಿಗೆ ಮೋಟಾರಿಲ್ಲ. ಅದೇ ಕಾಯ್ದೆಯ ವೇಗಮಿತಿಯೂ ಅವನಿಗಿಲ್ಲ. ಅಜಾಗರೂಕ ಚಾಲನೆಯ ಸೆಕ್ಷನ್ ಸೈಕಲ್ಲಿಗೂ ಅನ್ವಯಿಸುತ್ತದೆ ನಿಜ, ಆದರೆ ಅದು ನೆನಪಾಗುವುದು ಬಹುಪಾಲು ಯಾರಾದರೂ ಪೆಟ್ಟು ತಿಂದ ಮೇಲೆ. ಹೀಗಾಗಿ ಹವ್ಯಾಸಕ್ಕೆ ಸೈಕಲ್ ತುಳಿಯುವವರ ಬಿಯರು, ವೇಗ, ಪೈಪೋಟಿ ಹೆಚ್ಚುಕಡಿಮೆ ಅವರವರ ವಿವೇಕಕ್ಕೇ ಬಿಟ್ಟ ವಿಷಯಗಳಾಗಿ ಉಳಿದಿವೆ. ಕಾನೂನು ಸುಮ್ಮನಿದೆ ಎಂದಮಾತ್ರಕ್ಕೆ ಯೋಚಿಸುವ ಹೊಣೆ ತಪ್ಪುವುದಿಲ್ಲ.

ಬೇರೆ ದೇಶಗಳು ಸುಮ್ಮನೆ ಕೂತಿಲ್ಲ. ಜರ್ಮನಿಯಲ್ಲಿ ಕಾರು ಓಡಿಸುವವನ ರಕ್ತದಲ್ಲಿ ಸಾವಿರಕ್ಕೆ 0.5ರಷ್ಟು ಮದ್ಯಸಾರ ಇದ್ದರೆ ದಂಡ, 1.1 ಮುಟ್ಟಿದರೆ ಅಪರಾಧ. ಸೈಕಲ್ ಸವಾರನಿಗೆ ಆ ಗೆರೆ 1.6. ಸೈಕಲ್ ಓಲಾಡುತ್ತಿದ್ದರೆ ಅಥವಾ ಅಪಘಾತವಾದರೆ 0.3ಕ್ಕೇ ಶಿಕ್ಷೆಯಾಗಬಹುದು. ನೆದರ್ಲೆಂಡ್ಸ್ ಇಬ್ಬರಿಗೂ 0.5 ಎಂದೇ ಇಟ್ಟಿದೆ. ಜಪಾನ್ 2024ರ ನವೆಂಬರಿನಿಂದ ಕುಡಿದು ಸೈಕಲ್ ತುಳಿಯುವವರ ಮೇಲೆ ನಿಯಮ ಬಿಗಿ ಮಾಡಿ, ಮೂರು ವರ್ಷದವರೆಗೆ ಜೈಲು ಅಥವಾ 5 ಲಕ್ಷ ಯೆನ್‌ವರೆಗೆ ದಂಡ ವಿಧಿಸಲು ಅವಕಾಶ ಕೊಟ್ಟಿದೆ. ನನಗೆ ಜರ್ಮನರ ದಾರಿಯೇ ಹೆಚ್ಚು ಸರಿ ಎನಿಸುತ್ತದೆ. ಒಂದೂವರೆ ಟನ್ ತೂಕದ ಕಾರಿಗೂ ಸವಾರನೂ ಸೇರಿ ನೂರು ಕೆ.ಜಿ. ದಾಟದ ಸೈಕಲ್ಲಿಗೂ ಒಂದೇ ಗೆರೆ ಎಳೆದರೆ ಅದು ಸಮಾನತೆಯಂತೆ ಕಂಡರೂ ನ್ಯಾಯವಾಗುವುದಿಲ್ಲ. ಯಾರಿಂದ ಎಷ್ಟು ಹಾನಿಯಾಗಬಲ್ಲದೋ ಅವರ ಮೇಲೆ ಅಷ್ಟು ಹೊಣೆ ಇರಬೇಕು.

ಹಾಗಾದರೆ ನಮ್ಮಲ್ಲೂ ಅಂಥ ಕಾನೂನು ಬರಲಿ ಎನ್ನಬಹುದು. ಬಂದರೆ ಸಿಕ್ಕಿಬೀಳುವವರು ಯಾರು ಎಂದು ಮೊದಲು ನೋಡಬೇಕು. ಲಕ್ಷಾಂತರ ರೂಪಾಯಿಯ ಕಾರ್ಬನ್ ಸೈಕಲ್ಲನ್ನು ಕಾರಿನ ಹಿಂದೆ ಕಟ್ಟಿಕೊಂಡು ಹೋಗಿ, ಸವಾರಿ ಮುಗಿಸಿ, ಬಿಯರ್ ಕುಡಿದು, ಡ್ರೈವರ್ ಜೊತೆ ಮನೆಗೆ ಮರಳುವವನು ಸಿಗುವುದಿಲ್ಲ. ಗಾರೆ ಕೆಲಸ ಮುಗಿಸಿ, ಮೈನೋವು ಮರೆಯಲು ಒಂದು ಪ್ಯಾಕೆಟ್ ಹಾಕಿ, ಕ್ಯಾರಿಯರಿಗೆ ಊಟದ ಡಬ್ಬಿ ಸಿಕ್ಕಿಸಿಕೊಂಡು, ಲೈಟಿಲ್ಲದ ಹಳೇ ಸೈಕಲ್ಲಿನಲ್ಲಿ ಹೆದ್ದಾರಿಯ ಅಂಚಿನಲ್ಲಿ ಬರುವವನು ಸಿಗುತ್ತಾನೆ. ಲಾರಿ ಗುದ್ದಿದರೆ ಸಾಯುವವನೂ ಅವನೇ. ಅವನಿಗೆ ಮೊದಲು ಬೇಕಿರುವುದು ಹಿಂದಿನ ಮಡ್‌ಗಾರ್ಡಿಗೆ ಒಂದು ಕೆಂಪು ರಿಫ್ಲೆಕ್ಟರ್, ರಸ್ತೆಯ ಪಕ್ಕದಲ್ಲಿ ಒಂದಿಷ್ಟು ಜಾಗ. ಅದಾದ ಮೇಲೆ ದಂಡದ ಮಾತಾಡೋಣ. ಸ್ವಂತ ಇಚ್ಛೆಯಿಂದ ಸಂಯಮ ತೋರಬೇಕಾದವರು ಆಯ್ಕೆ ಇರುವವರು, ಅಂದರೆ ಖುಷಿಗಾಗಿ ತುಳಿಯುವವರು.

ಸವಾರಿ ಮುಗಿದ ಮೇಲಿನ ಬಿಯರಿನ ಬಗ್ಗೆ ನನ್ನ ತಕರಾರಿಲ್ಲ. ಅದರಿಂದ ಸ್ನಾಯುಗಳಿಗೆ ಒಳ್ಳೆಯದು ಎಂದು ನಂಬಿ ಕುಡಿಯುವುದು ತಪ್ಪು, ಮದ್ಯಸಾರ ದಣಿದ ಸ್ನಾಯುವಿನ ಚೇತರಿಕೆಯನ್ನು ನಿಧಾನಗೊಳಿಸುತ್ತದೆ. ಆದರೆ ಮನೆ ಸೇರಿ ಕುಡಿದರೆ ಆ ನಷ್ಟ ಕುಡಿದವನದು ಮಾತ್ರ. ವೇಗದ ವಿಷಯ ಹಾಗಲ್ಲ.

2012ರ ಮಾರ್ಚಿನಲ್ಲಿ ಸ್ಯಾನ್ ಫ್ರಾನ್ಸಿಸ್ಕೊದ ಕ್ಯಾಸ್ಟ್ರೊ ಮತ್ತು ಮಾರ್ಕೆಟ್ ರಸ್ತೆಗಳು ಸೇರುವ ಸರ್ಕಲ್ಲಿನಲ್ಲಿ ನಡೆದದ್ದನ್ನು ಸೈಕಲ್ ಪ್ರಿಯರು ಓದಿಕೊಳ್ಳಬೇಕು. ಅಲ್ಲಿ ಕ್ಯಾಸ್ಟ್ರೊ ರಸ್ತೆ ಇಳಿಜಾರು. ಒಬ್ಬ ಸವಾರ ಇಳಿಜಾರಿನ ವೇಗದಲ್ಲೇ ಸರ್ಕಲ್ಲಿಗೆ ನುಗ್ಗಿದ. ಎದುರಿನ ಜೀಬ್ರಾ ಪಟ್ಟಿಯ ಮೇಲೆ ಜನ ದಾಟುತ್ತಿದ್ದರು. ಹೆಂಡತಿಯ ಜೊತೆ ನಡೆಯುತ್ತಿದ್ದ 71 ವರ್ಷದ ಹಿರಿಯರಿಗೆ ಸೈಕಲ್ ಬಡಿಯಿತು, ನಾಲ್ಕು ದಿನದ ಮೇಲೆ ಅವರು ತೀರಿಕೊಂಡರು. ಸವಾರಿಯನ್ನು ದಾಖಲಿಸುವ ಸ್ಟ್ರಾವಾ ಆ್ಯಪಿನ ಮಾಹಿತಿ ತನಿಖೆಗೆ ಸಾಕ್ಷಿಯಾಯಿತು. ಅಪಘಾತದ ಬಳಿಕ ಆ ಸವಾರ ಬರೆದ ಟಿಪ್ಪಣಿಯಲ್ಲಿ ಒಡೆದುಹೋದ ತನ್ನ ಹೆಲ್ಮೆಟ್ಟಿಗೆ ಮರುಗಿದ್ದ. 2013ರಲ್ಲಿ ತಪ್ಪೊಪ್ಪಿಕೊಂಡ ಅವನಿಗೆ ಮೂರು ವರ್ಷದ ಪ್ರೊಬೇಷನ್, ಸಾವಿರ ಗಂಟೆಯ ಸಮುದಾಯ ಸೇವೆ ವಿಧಿಸಲಾಯಿತು. ಅವನನ್ನು ರಾಕ್ಷಸ ಎಂದು ಕರೆಯಲು ನನಗೆ ಇಷ್ಟವಿಲ್ಲ. ಇಳಿಜಾರಿನಲ್ಲಿ ಗಾಳಿ ಕಿವಿಗೆ ರಾಚುವಾಗ ಎದುರಿನ ಮನುಷ್ಯ ಬರೀ ಅಡ್ಡಿಯಾಗಿ ಕಾಣತೊಡಗುವುದು ಯಾರಿಗಾದರೂ ಆಗಬಹುದಾದ್ದು. ಮೊದಲೇ ಯೋಚಿಸಿಟ್ಟುಕೊಳ್ಳಬೇಕೆಂದು ನಾನು ಹೇಳುವುದು ಅದಕ್ಕೇ. ಗಂಟೆಗೆ 20 ಕಿಲೋಮೀಟರ್ ವೇಗ 40 ಆದರೆ ಗುದ್ದುವ ಶಕ್ತಿ ನಾಲ್ಕು ಪಟ್ಟಾಗುತ್ತದೆ. ಈ ಲೆಕ್ಕ ಹೈಸ್ಕೂಲಿನದು, ಇಳಿಯುವಾಗ ಮಾತ್ರ ಮರೆತುಹೋಗುತ್ತದೆ.

ಕಾರು, ಲಾರಿಗಳು ಕೊಲ್ಲುವುದರ ಮುಂದೆ ಇದೇನು ಮಹಾ ಎಂಬ ಆಕ್ಷೇಪ ಗಟ್ಟಿಯಾದದ್ದೇ. 2022ರಲ್ಲಿ ಭಾರತದ ರಸ್ತೆಗಳಲ್ಲಿ ಸತ್ತವರು 1,68,491 ಮಂದಿ, ಅವರಲ್ಲಿ 32 ಸಾವಿರಕ್ಕೂ ಹೆಚ್ಚು ಜನ ಪಾದಚಾರಿಗಳು. ಅದರಲ್ಲಿ ಸೈಕಲ್ಲಿನ ಪಾಲು ತೀರಾ ಸಣ್ಣದು. ಸೈಕಲ್ ಸವಾರನನ್ನೇ ಖಳನಾಯಕ ಮಾಡುವುದು ಅನ್ಯಾಯ, ಜನರನ್ನು ಸೈಕಲ್ಲಿನಿಂದ ಇಳಿಸಿ ಕಾರಿಗೆ ಹತ್ತಿಸಿದರೆ ರಸ್ತೆ ಇನ್ನಷ್ಟು ಅಪಾಯಕಾರಿಯಾಗುತ್ತದೆ. ಇಷ್ಟನ್ನೂ ಒಪ್ಪುತ್ತೇನೆ. ಆದರೆ ಈ ವಾದದಿಂದ ಕಾರಿನವನ ತಪ್ಪು ದೊಡ್ಡದು ಎಂದು ಸಾಬೀತಾಗುತ್ತದೆಯೇ ಹೊರತು ನಮ್ಮದು ತಪ್ಪಲ್ಲ ಎಂದಲ್ಲ. ಕಾರಿನವನು ತನ್ನನ್ನು ಮನುಷ್ಯನಂತೆ ಕಾಣಲಿ ಎಂದು ಬಯಸುವ ಸವಾರ ಅದೇ ಕಾರಣಕ್ಕೆ ನಡೆದುಹೋಗುವವರನ್ನು ಹಾಗೆ ಕಾಣಬೇಕಾಗುತ್ತದೆ. ಲಂಡನ್ನಿನಲ್ಲಿ 2016ರಲ್ಲಿ ಮುಂದಿನ ಬ್ರೇಕೇ ಇಲ್ಲದ ಸೈಕಲ್ ಬಡಿದು ಇಬ್ಬರು ಮಕ್ಕಳ ತಾಯಿಯೊಬ್ಬರು ಸತ್ತಾಗ, ಸವಾರನಿಗೆ ಶಿಕ್ಷೆ ಕೊಡಲು ಅಲ್ಲಿನವರು ಕುದುರೆ ಗಾಡಿಗಳ ಕಾಲದ, 1861ರ ಕಾಯ್ದೆಯನ್ನು ಹುಡುಕಿ ತೆಗೆಯಬೇಕಾಯಿತು. ಹದಿನೆಂಟು ತಿಂಗಳ ಶಿಕ್ಷೆಯಾಯಿತು. ಆ ಸೈಕಲ್ಲಿಗೆ ಇರಬೇಕಿದ್ದದ್ದು ಒಂದು ಬ್ರೇಕು.

ವೇಗದ ಚಟವನ್ನು ಯಾರಿಗೂ ತೊಂದರೆಯಾಗದಂತೆ ತೀರಿಸಿಕೊಳ್ಳುವ ಜಾಗ ಈಗ ಮನೆಯೊಳಗೇ ಇದೆ. ಹಿಂದಿನ ಚಕ್ರ ಬಿಚ್ಚಿ ಸೈಕಲ್ಲನ್ನು ಟ್ರೈನರಿಗೆ ಸಿಕ್ಕಿಸಿ, ಪರದೆಯ ಮೇಲಿನ ಬೆಟ್ಟವನ್ನು ಎಷ್ಟು ಜೋರಾಗಿ ಬೇಕಾದರೂ ಇಳಿಯಬಹುದು. ಇದನ್ನು ಬೋರು ಎಂದು ಹಳಿಯುವವರಿದ್ದಾರೆ, ನನಗದು ಗೌರವದ ಆಟ. ಅಲ್ಲಿಯೂ ನೀತಿಯ ಪ್ರಶ್ನೆ ಇದ್ದೇ ಇದೆ. 2019ರಲ್ಲಿ ಬ್ರಿಟನ್ನಿನ ಒಳಾಂಗಣ ರೇಸಿನ ಪ್ರಶಸ್ತಿ ಗೆದ್ದವನೊಬ್ಬ ಆಟದೊಳಗಿನ ವೇಗದ ಸೈಕಲ್ಲನ್ನು ತಾನು ತುಳಿದು ಸಂಪಾದಿಸದೆ ಕಂಪ್ಯೂಟರ್ ಪ್ರೋಗ್ರಾಮಿನಿಂದ ಪಡೆದಿದ್ದ ಎಂದು ಪ್ರಶಸ್ತಿಯನ್ನು ವಾಪಸು ಪಡೆದರು, 250 ಪೌಂಡ್ ದಂಡ ಹಾಕಿ ಆರು ತಿಂಗಳು ನಿಷೇಧಿಸಿದರು. ಇಲ್ಲದ ಸೈಕಲ್ಲಿನ ಮೋಸಕ್ಕೆ ಇಷ್ಟು ತಲೆಕೆಡಿಸಿಕೊಳ್ಳಬಲ್ಲ ಕ್ರೀಡೆ ನಿಜವಾದ ರಸ್ತೆಯ ಬಗ್ಗೆಯೂ ತಲೆಕೆಡಿಸಿಕೊಳ್ಳಬಲ್ಲದು.

ನಂದಿ ಬೆಟ್ಟಕ್ಕೆ ವಾರಾಂತ್ಯದ ನಸುಕಿನಲ್ಲಿ ಬೆಂಗಳೂರಿನಿಂದ ಹೋಗುವ ತಂಡಗಳು ರಸ್ತೆಯ ಬಗೆಗಿನ ಈ ಕಾಳಜಿಯನ್ನು ಇಂದೇ ಶುರುಮಾಡಬಹುದು. ಹತ್ತುವಾಗಿನ ಸಮಯ ಮಾತ್ರ ತಂಡದ ಪಟ್ಟಿಗೆ ಬರಲಿ. ಹತ್ತುವುದರಲ್ಲಿ ಕಾಲಿನ ಕಸುವು ಗೊತ್ತಾಗುತ್ತದೆ, ಇಳಿಯುವುದರಲ್ಲಿ ಬಹುಪಾಲು ಎಷ್ಟು ಅಪಾಯಕ್ಕೆ ಒಡ್ಡಿಕೊಂಡೆವು ಎಂಬುದಷ್ಟೇ. ಸ್ಟ್ರಾವಾದಲ್ಲಿ ಇಳಿಜಾರಿನ ತುಣುಕನ್ನು ಅಪಾಯಕಾರಿ ಎಂದು ಗುರುತಿಸಿ ಅದರ ಪೈಪೋಟಿಯ ಪಟ್ಟಿ ಕಾಣದಂತೆ ಮಾಡುವ ಸೌಲಭ್ಯ ಈಗಾಗಲೇ ಇದೆ. ಬೆಟ್ಟದ ಬುಡದ ಊರುಗಳಲ್ಲಿ ಆ ಹೊತ್ತಿಗೆ ಹಾಲಿನ ಕ್ಯಾನು ಹಿಡಿದು ರಸ್ತೆ ದಾಟುವವರು ನಮ್ಮ ಪೈಪೋಟಿಗೆ ಹೆಸರು ಕೊಟ್ಟವರಲ್ಲ.