ಮಂಜಿನೊಳಗಣ ವಿವೇಕ

ಮಂಜು ಕವಿದರೆ ಕೋಡ್ಲಾದ ರೈತನು ಬಂಡಿಯನ್ನು ನಿಲ್ಲಿಸಬಲ್ಲನು. ಆಕಾಶದಲ್ಲಿರುವ ವೈಮಾನಿಕನಿಗೆ ನಿಲ್ಲಲು ಎಡೆಯಿಲ್ಲ. 2019ರಲ್ಲಿ ಕಲಬುರಗಿಯ ವಿಮಾನನಿಲ್ದಾಣ ತೆರೆದ ಮೇಲೆ ಈ ಮಾತು ಈ ಸೀಮೆಗೆ ದೂರದ್ದಲ್ಲ.

ಇರುಳಿನ ಮಂಜಿನಲ್ಲಿ ದಿಗಂತವು ಕಾಣದು. ಆಗ ಒಳಗಿವಿಯ ಸಮತೋಲನದ ಅನಿಸಿಕೆಯೇ ಮೋಸಗೊಳಿಸುವುದು. ವಿಮಾನವು ಓರೆಯಾಗಿ ಇಳಿಯುತ್ತಿದ್ದರೂ ನೆಟ್ಟಗೆ ಸಾಗುವಂತೆ ತೋರುವುದು. ಚಿಕ್ಕ ವಿಮಾನದಲ್ಲಿ ಒಬ್ಬಂಟಿಯಾದವನು ಅನಿಸಿಕೆಯನ್ನು ಬಿಟ್ಟು ಉಪಕರಣಗಳನ್ನು ನಂಬಬೇಕು. ಹೊತ್ತು ಮೀರುವ ಮುನ್ನ ನಿಯಂತ್ರಣ ಕೇಂದ್ರಕ್ಕೆ ತನ್ನ ಸ್ಥಿತಿಯನ್ನು ತಿಳಿಸಬೇಕು. ರಾಡಾರ್ ಇದ್ದೆಡೆ ನಿಯಂತ್ರಕನು ದಿಕ್ಕನ್ನೂ ಎತ್ತರವನ್ನೂ ಮಂಜಿಲ್ಲದ ನಿಲ್ದಾಣವನ್ನೂ ಸೂಚಿಸಬಲ್ಲನು. ಆದರೆ ಚಾಲನೆಯೂ ಕೊನೆಯ ನಿರ್ಧಾರವೂ ವೈಮಾನಿಕನವೇ.

ಹಾಗಾದರೆ ನೆರವನ್ನು ಬೇಡುವುದು ಹೇಡಿತನವೆ? ಅಲ್ಲ. ಕಾಣದುದನ್ನು ಕಂಡೆನೆಂಬುದು ಅಹಂಕಾರ. ಕಾಣೆನೆಂದು ಒಪ್ಪುವುದೇ ಅರಿವಿನ ಮೊದಲು. ಸಂಸಾರಿಗೆ ಗುರುವಾಕ್ಯವೂ ಹೀಗೆಯೇ: ಅದು ದಾರಿಯನ್ನು ತೋರುವುದು, ನಡೆಯುವ ಹೊಣೆಯನ್ನು ಕಳೆಯದು.