ಛತ್ರದ ಖರ್ಚು ಯಾರದು?



ಎರಡು ವರ್ಷಗಳ ಹಿಂದೆ, ಮಾಗಡಿ ತಾಲ್ಲೂಕಿನ ತಿಪ್ಪಸಂದ್ರದ ಕಡೆಯ ತಾಯಿಯೊಬ್ಬರು ನನ್ನ ಬಳಿಗೆ ಬಂದರು. "ಸ್ವಾಮಿ, ಮಗ ಬಾಗಿಲಿಗೆ ಬಂದು ನಿಂತವ್ನೆ. ಒಳಕ್ಕೆ ಸೇರಿಸ್ಕೊಳ್ಳಲೋ ಬೇಡವೋ, ನೀವೇ ಹೇಳಿ" ಎಂದರು. ಮಗ ಬೆಂಗಳೂರಿನಲ್ಲಿ ಸರಕಿನ ಗಾಡಿ ಓಡಿಸುತ್ತಿದ್ದವನು. ಬೆನ್ನಿಗೆ ಪೆಟ್ಟು ಬಿದ್ದಾಗ ನೋವಿಗೆಂದು ನುಂಗತೊಡಗಿದ ಮಾತ್ರೆ ಕೊನೆಗೆ ಅವನನ್ನೇ ನುಂಗಿತು. ಕೆಲಸ ಹೋಯಿತು, ಬಾಡಿಗೆಯ ಕೋಣೆ ಹೋಯಿತು, ಊರಿಗೆ ಬಂದು ಹೋದಾಗ ತಾಯಿಯ ಓಲೆಯೂ ಹೋಯಿತು. ಆಮೇಲೆ ಯಾರೋ ಪುಣ್ಯಾತ್ಮರು ಆಸ್ಪತ್ರೆಗೆ ಸೇರಿಸಿದರು. ಚಿಕಿತ್ಸೆ ಶುರುವಾಗಿ ಆಗ ಹನ್ನೆರಡು ದಿನವಾಗಿತ್ತು.

ನಾನು ಕೊಟ್ಟ ಉತ್ತರವನ್ನು ಮುಚ್ಚಿಡುವುದಿಲ್ಲ. "ಪೂರ್ತಿ ಬಿಟ್ಟ ಮೇಲೆ ಬರಲಿ ಅಮ್ಮ. ಅಲ್ಲಿಯವರೆಗೆ ಬಾಗಿಲು ತೆರೆಯಬೇಡಿ" ಎಂದೆ. ಅದು ವಿವೇಕದ ಮಾತೆಂದೇ ನಂಬಿದ್ದೆ. ಹುಡುಗ ಬಸ್ ನಿಲ್ದಾಣದಲ್ಲಿ ಮಲಗಿದ. ಮೂರನೆಯ ರಾತ್ರಿ, ಆಸ್ಪತ್ರೆಯಿಂದ ಕೊಟ್ಟಿದ್ದ ಮಾತ್ರೆಗಳಿದ್ದ ಚೀಲವನ್ನು ಯಾರೋ ಕದ್ದರು. ಐದನೆಯ ದಿನಕ್ಕೆ ಅವನು ಮತ್ತೆ ಹಳೆಯ ಜೊತೆಗಾರರ ನಡುವೆ ಇದ್ದ.

ಈ ಕಾಯಿಲೆ ನಮ್ಮ ಹಳ್ಳಿಗಳಿಗೆ ಹೊಸದು, ಕುಡಿತದಷ್ಟು ಪರಿಚಿತವಲ್ಲ. ಅಫೀಮು, ಹೆರಾಯಿನ್ ಮತ್ತು ಅದೇ ಜಾತಿಯ ಕೆಲವು ನೋವಿನ ಮಾತ್ರೆಗಳು ಮೆದುಳನ್ನು ಒಂದೇ ರೀತಿ ಹಿಡಿಯುತ್ತವೆ. ಕೇಂದ್ರ ಸರ್ಕಾರ 2019ರಲ್ಲಿ ಪ್ರಕಟಿಸಿದ ರಾಷ್ಟ್ರೀಯ ಸಮೀಕ್ಷೆಯ ಪ್ರಕಾರ ದೇಶದಲ್ಲಿ ಸುಮಾರು 2.26 ಕೋಟಿ ಜನ ಇವನ್ನು ಬಳಸುತ್ತಾರೆ. ಸುಮಾರು 77 ಲಕ್ಷ ಜನರಿಗೆ ಇದರಿಂದ ನೆರವು ಬೇಕಾಗುವಷ್ಟು ತೊಂದರೆಯಾಗಿದೆ. ಮಾದಕ ಸಿಗದಿದ್ದಾಗ ಮೈಕೈ ನೋವು, ವಾಂತಿ, ಭೇದಿ, ನಿದ್ದೆಯಿಲ್ಲದ ನರಳಾಟ. ಇದನ್ನು ತಡೆಯಲು ಬೆಂಗಳೂರಿನ ನಿಮ್ಹಾನ್ಸ್‌ನಂಥ ಆಸ್ಪತ್ರೆಗಳಲ್ಲಿ ಬ್ಯೂಪ್ರಿನಾರ್ಫಿನ್ ಎಂಬ ಮಾತ್ರೆ ಕೊಡುತ್ತಾರೆ. ಅದನ್ನು ನಾಲಗೆಯ ಕೆಳಗೆ ಇಟ್ಟು ಕರಗಿಸಬೇಕು, ತಿಂಗಳುಗಟ್ಟಲೆ, ಕೆಲವರು ವರ್ಷಗಟ್ಟಲೆ. ನಡುವೆ ನಿಲ್ಲಿಸಿದರೆ ಅಪಾಯ ಹೆಚ್ಚು. ಕೆಲವು ವಾರ ಮಾದಕ ಬಿಟ್ಟ ಶರೀರ ಹಳೆಯ ಪ್ರಮಾಣವನ್ನು ತಾಳಲಾರದು; ಮೊದಲಿನಷ್ಟೇ ತೆಗೆದುಕೊಂಡರೆ ಉಸಿರೇ ನಿಂತುಹೋಗಬಹುದು. ನನ್ನ ಉತ್ತರದಿಂದ ಆ ಹುಡುಗನಿಗೆ ಏನಾಗಬಹುದಿತ್ತು ಎಂಬುದು ವೈದ್ಯರೊಬ್ಬರು ಇದನ್ನು ವಿವರಿಸಿದ ಮೇಲೆಯೇ ನನಗೆ ಹೊಳೆದದ್ದು.

ಮಾತ್ರೆಯನ್ನು ಎಲ್ಲಿ ಇಡುವುದು? ಮುಂದಿನ ಭೇಟಿಯ ಚೀಟಿ, ಆಧಾರ್ ಕಾರ್ಡು ಎಲ್ಲಿ? ರಾತ್ರಿ ಎರಡು ಗಂಟೆಗೆ ಲಾಠಿ ಎಬ್ಬಿಸಿದರೆ ಎಲ್ಲಿಗೆ ಹೋಗುವುದು? ಮನೆಯಿರುವವರಿಗೆ ಇವು ಪ್ರಶ್ನೆಗಳೇ ಅಲ್ಲ.

ಹಾಗಾದರೆ ಸೂರು ಎಂಬುದು ವ್ಯಸನ ಬಿಟ್ಟವನಿಗೆ ಕೊಡುವ ಬಹುಮಾನವೋ, ಬಿಡುವುದಕ್ಕೆ ಬೇಕಾದ ಔಷಧಿಯ ಭಾಗವೋ? ನಮ್ಮಲ್ಲಿ ಬಹುಮಂದಿ ಮೊದಲನೆಯದೇ ಸರಿ ಎನ್ನುತ್ತಾರೆ, ನಾನೂ ಅನ್ನುತ್ತಿದ್ದೆ. ಗುರುಮಠದಲ್ಲಿ ಸಂತ ತೋಮಸ್ ಅಕ್ವಿನಾಸರನ್ನು ಓದುವಾಗ ಒಂದು ಮಾತು ಬಂದಿತ್ತು: ಸದ್ಗುಣದಿಂದ ಬಾಳಲು ಶರೀರಕ್ಕೆ ಬೇಕಾದ ಕನಿಷ್ಠ ಅನುಕೂಲಗಳು ಸಾಧನವಾಗಿ ಬೇಕೇ ಬೇಕು. ಪರೀಕ್ಷೆಗೆಂದು ಬಾಯಿಪಾಠ ಮಾಡಿ ಮರೆತೆ. ಸಾಧನವನ್ನು ಕಿತ್ತುಕೊಂಡು ಸದ್ಗುಣವನ್ನು ಮೊದಲು ತೋರಿಸು ಎನ್ನುವುದು ನ್ಯಾಯವೆನಿಸದು. ಚಟ ಬಲಿತಲ್ಲಿ ಮನುಷ್ಯನ ಹೊಣೆ ತಗ್ಗಬಹುದೆಂದು ನಮ್ಮ ಧರ್ಮೋಪದೇಶ ಗ್ರಂಥವೂ (1735) ಒಪ್ಪುತ್ತದೆ. ಹೊಣೆ ಪೂರ್ತಿ ಅಳಿಸಿಹೋಗುತ್ತದೆಂದು ಅದು ಹೇಳುವುದಿಲ್ಲ, ನಾನೂ ಹೇಳುತ್ತಿಲ್ಲ. ಓಲೆ ಕದ್ದದ್ದು ಕಳ್ಳತನವೇ.

ದಯಾಳು ಸಮಾರಿಯದವನ ಸಾಮತಿಯನ್ನು ಎಷ್ಟು ಸಲ ಬೋಧಿಸಿದ್ದೇನೋ! ಯಾಜಕ, ಲೇವಿ, ಎಣ್ಣೆ, ದ್ರಾಕ್ಷಾರಸ, ಎಲ್ಲ ಹೇಳಿ ಛತ್ರದ ಬಾಗಿಲಲ್ಲಿ ಪ್ರಬೋಧನೆ ಮುಗಿಸಿಬಿಡುತ್ತಿದ್ದೆ. ಆದರೆ ಸಂತ ಲೂಕರು (10:34-35) ಅಲ್ಲಿ ನಿಲ್ಲಿಸುವುದಿಲ್ಲ. ಗಾಯಾಳು ಆ ರಾತ್ರಿ ಛತ್ರದಲ್ಲಿ ಉಳಿದ. ಮರುದಿನ ಸಮಾರಿಯದವನು ಎರಡು ದಿನಾರಿ, ಅಂದರೆ ಎರಡು ದಿನದ ಕೂಲಿಯನ್ನು, ಛತ್ರದವನ ಕೈಗಿಟ್ಟ. ಹೆಚ್ಚಾದರೆ ಹಿಂದಿರುಗುವಾಗ ಕೊಡುತ್ತೇನೆಂದ. ಎಣ್ಣೆ ಹಚ್ಚಿ ದಾರಿಯಲ್ಲೇ ಬಿಟ್ಟಿದ್ದರೆ ಆ ಚಿಕಿತ್ಸೆಗೆ ಏನರ್ಥ? ಇನ್ನೂ ಒಂದು ಸಂಗತಿ: ಅವನು ಗಾಯಾಳುವನ್ನು ತನ್ನ ಸ್ವಂತ ಮನೆಗೆ ಕರೆದೊಯ್ಯಲಿಲ್ಲ. ತಿಪ್ಪಸಂದ್ರದ ಆ ತಾಯಿಗೆ ನಾನು ಹೇಳಬೇಕಾಗಿದ್ದುದು ಇದೇ. ಮನೆಯಲ್ಲಿ ಮದುವೆಗೆ ಬಂದ ಮಗಳಿದ್ದಾಳೆ, ಹಾಸಿಗೆ ಹಿಡಿದ ಗಂಡನಿದ್ದಾನೆ. ಅವರು ಹೆದರಿದ್ದು ತಪ್ಪಲ್ಲ. ಒಬ್ಬ ತಾಯಿ ಬಾಗಿಲು ತೆರೆಯುವುದೋ ಮುಚ್ಚುವುದೋ ಎಂಬ ಇಕ್ಕಟ್ಟಿಗೆ ಬಂದದ್ದೇ ನಡುವೆ ಛತ್ರವಿಲ್ಲದ್ದರಿಂದ.

ಮಾಗಡಿ ರಸ್ತೆಯಲ್ಲಿ ಬೆಂಗಳೂರಿಗೆ ಹೋಗುವವರು ಸುಮನಹಳ್ಳಿಯನ್ನು ದಾಟಿಯೇ ಹೋಗುತ್ತೀರಿ. 1970ರ ದಶಕದ ಕೊನೆಯಲ್ಲಿ ನಮ್ಮ ಮಹಾಧರ್ಮಕ್ಷೇತ್ರ ಅಲ್ಲಿ ಕುಷ್ಠರೋಗದಿಂದ ನೊಂದವರ ಸೇವೆ ಆರಂಭಿಸಿತು. ಮುಂದೆ ಒಳ್ಳೆಯ ಔಷಧಿಗಳು ಬಂದು ರೋಗ ಪೂರ್ತಿ ವಾಸಿಯಾಗತೊಡಗಿತು. ಆದರೆ ವಾಸಿಯಾದವರಿಗೆಲ್ಲ ಊರಿನ ಮನೆ ಬಾಗಿಲು ತೆರೆಯಲಿಲ್ಲ. ಅವರಿಗೆ ಕಸುಬೂ ನೆಲೆಯೂ ಬೇಕಾಯಿತು. ಅಲ್ಲೇ ಸರ್ಕಾರದ ನಿರಾಶ್ರಿತರ ಪರಿಹಾರ ಕೇಂದ್ರವೂ ಇದೆ. 1975ರ ಭಿಕ್ಷಾಟನೆ ನಿಷೇಧ ಕಾಯಿದೆಯಂತೆ ನಮ್ಮ ಆಸ್ತಿ ತೆರಿಗೆಯ ಮೇಲೆ ನೂರಕ್ಕೆ ಮೂರರಂತೆ ಭಿಕ್ಷುಕರ ಕರ ಸೇರುತ್ತದೆ. ಮನೆಯ ಕಂದಾಯದ ರಸೀದಿ ತೆಗೆದು ನೋಡಿ. ಅಂದರೆ ಛತ್ರದ ಎರಡು ದಿನಾರಿಯನ್ನು ನಾವು ಆಗಲೇ ಕೊಡುತ್ತಿದ್ದೇವೆ. "ಹಿಂದಿರುಗಿ ಬಂದು ನೋಡುತ್ತೇನೆ" ಎಂಬ ಭಾಗ ಮಾತ್ರ ಉಳಿದಿದೆ. 2010ರ ಆಗಸ್ಟ್‌ನಲ್ಲಿ ಆ ಕೇಂದ್ರದಲ್ಲಿ ಸಾವಿನ ಮೇಲೆ ಸಾವು ಸಂಭವಿಸಿ ಪತ್ರಿಕೆಗಳಲ್ಲಿ ಬಂದಾಗಲೇ ಹೊರಗಿನವರು ಒಳಗೆ ಇಣುಕಿದ್ದು.

ಇಲ್ಲಿ ಕೆಲವರು ಒಂದು ಆಕ್ಷೇಪ ಎತ್ತುತ್ತಾರೆ, ಅದು ಹಗುರವಾದುದಲ್ಲ. ದಿವಂಗತ ಪೋಪ್ ಫ್ರಾನ್ಸಿಸ್‌ರವರು 2014ರ ಜೂನ್‌ನಲ್ಲಿ, ಮಾದಕದ ಬದಲು ಮತ್ತೊಂದು ಮಾದಕ ಕೊಡುವುದು ತಕ್ಕ ಚಿಕಿತ್ಸೆಯಲ್ಲ, ಅದು ಸೋಲೊಪ್ಪಿಕೊಳ್ಳುವ ಬಗೆ ಎಂಬ ಅರ್ಥದಲ್ಲಿ ಮಾತನಾಡಿದ್ದರು. ಗುರುವಾಗಿ ನಾನು ಆ ಮಾತನ್ನು ತಳ್ಳಿಹಾಕಲಾರೆ. ಆದರೆ ಧರ್ಮೋಪದೇಶ ಗ್ರಂಥ (2291) ಚಿಕಿತ್ಸೆಗಾಗಿ ಬಳಸುವುದನ್ನು ಪಾಪದಿಂದ ಹೊರಗಿಟ್ಟಿದೆ, ವಿಶ್ವ ಆರೋಗ್ಯ ಸಂಸ್ಥೆ 2005ರಲ್ಲಿ ಬ್ಯೂಪ್ರಿನಾರ್ಫಿನನ್ನು ಅತ್ಯಗತ್ಯ ಔಷಧಿಗಳ ಪಟ್ಟಿಗೆ ಸೇರಿಸಿದೆ. ನನ್ನ ಮಟ್ಟಿಗೆ ಪೋಪರ ಎಚ್ಚರಿಕೆ ತಾಗುವುದು ಮಾತ್ರೆ ಕೊಟ್ಟು ಕೈತೊಳೆದುಕೊಳ್ಳುವವರಿಗೆ. ಮಾತ್ರೆ ಕೊಟ್ಟು ಬಸ್ ನಿಲ್ದಾಣಕ್ಕೆ ಕಳಿಸುವುದು ಅಂಥದ್ದೇ ಅಲ್ಲವೇ?

ಇನ್ನೊಂದು ಆಕ್ಷೇಪ: ಸೂರು ಕೊಟ್ಟರೆ ಚಟ ಬಿಡುತ್ತಾನೆಯೇ? ಬಿಡುತ್ತಾನೆಂದು ಖಾತ್ರಿ ಇಲ್ಲ. ಕೆನಡಾ ದೇಶದ ಐದು ನಗರಗಳಲ್ಲಿ 2009ರಿಂದ 2013ರವರೆಗೆ ಮನೋರೋಗವಿದ್ದ ಎರಡು ಸಾವಿರಕ್ಕೂ ಹೆಚ್ಚು ಮಂದಿ ನಿರ್ವಸಿತರೊಡನೆ ಒಂದು ದೊಡ್ಡ ಪ್ರಯೋಗ ನಡೆಯಿತು. ಅವರಲ್ಲಿ ವ್ಯಸನವಿದ್ದವರೂ ಬಹಳ. ಯಾವ ಷರತ್ತೂ ಇಲ್ಲದೆ ಮನೆ ಪಡೆದವರು ಉಳಿದವರಿಗಿಂತ ಬಹಳ ಹೆಚ್ಚು ಕಾಲ ಮನೆಯಲ್ಲೇ ನೆಲೆನಿಂತರು. ಮಾದಕ ಬಳಕೆ ಮಾತ್ರ ಇತರರಿಗಿಂತ ಅಷ್ಟೇನೂ ತಗ್ಗಲಿಲ್ಲ. ಮನೆ ಪವಾಡ ಮಾಡುವುದಿಲ್ಲ. ಆದರೆ ಬದುಕಿದ್ದವನಿಗೆ ಮಾತ್ರ ನಾಳೆ ಬಿಡುವ ಅವಕಾಶವುಂಟು.

ಆ ಹುಡುಗ ಬದುಕಿದ್ದಾನೆ, ದೇವರ ದಯೆ. ನಾಲ್ಕು ತಿಂಗಳ ಮೇಲೆ ಮತ್ತೆ ಆಸ್ಪತ್ರೆಗೆ ಹೋದ. ಈ ಸಲ ನಮ್ಮ ಧರ್ಮಕೇಂದ್ರದ ಎರಡು ಕುಟುಂಬಗಳು ಸೇರಿ ಒಂದು ಕೋಣೆ ಹುಡುಕಿದವು. ಸುಳ್ಳು ಹೇಳಿ ಕೋಣೆ ಹಿಡಿಯುವುದು ಬೇಡವೆಂದು ನಿರ್ಧರಿಸಿದ್ದೆವು. ನಿಜ ಹೇಳಿದ್ದಕ್ಕೆ ಮೂವರು ಮಾಲೀಕರು ಆಗುವುದಿಲ್ಲ ಎಂದರು. ನಾಲ್ಕನೆಯವರು ಒಬ್ಬ ವಿಧವೆ ಅಜ್ಜಿ. ರಾತ್ರಿ ಹೊರಗಿನವರು ಬರಕೂಡದು, ಪ್ರತಿ ತಿಂಗಳು 5ನೇ ತಾರೀಖಿನೊಳಗೆ ಬಾಡಿಗೆ ಬರಬೇಕು ಎಂಬ ಎರಡು ಮಾತಿನ ಮೇಲೆ ಹಿಂದಿನ ಹೆಂಚಿನ ಕೋಣೆ ಕೊಟ್ಟರು. ಆರನೆಯ ತಿಂಗಳಲ್ಲಿ ಅವನು ಒಮ್ಮೆ ಜಾರಿದ. ಕೋಣೆ ಬಿಡಿಸಬೇಕೆಂದು ನಮ್ಮಲ್ಲೇ ದೊಡ್ಡ ವಾದವಾಯಿತು. ಅಜ್ಜಿಯೇ ಬಿಡಿಸಲಿಲ್ಲ. ಈಗ ಅವನು ಗೂಡಿನ ಚೀಲಗಳನ್ನು ರಾಮನಗರದ ಮಾರುಕಟ್ಟೆಗೆ ಸಾಗಿಸುವ ಗಾಡಿಯಲ್ಲಿ ಕೆಲಸಕ್ಕಿದ್ದಾನೆ, ಅರ್ಧ ಬಾಡಿಗೆ ತಾನೇ ಕೊಡುತ್ತಾನೆ. ತಾಯಿ ಭಾನುವಾರ ಮುದ್ದೆ, ಸಾರು ಕಟ್ಟಿಕೊಂಡು ಕೋಣೆಗೆ ಹೋಗಿ ಬರುತ್ತಾರೆ. ಮನೆಗೆ ಕರೆಯುವ ಮಾತನ್ನು ಅವರು ಇನ್ನೂ ಎತ್ತಿಲ್ಲ, ನಾನೂ ಕೇಳಿಲ್ಲ.